ಯಜಮಾನರ ಹೆಸರಿನ ಹುಡುಗ

ಪುಣೆಯ ರವಿವಾರ ಪೇಠೆಯಲ್ಲಿ ಹೊಸದಾಗಿ ತೆರೆದ ಕನ್ನಡ ಶಿಶುಶಾಲೆಯಲ್ಲಿ ದಿನವೂ ಸ್ವಾಗತದ ಹಾಡು. 'ಬಾ ಬಾ ಲೀಲಾ, ನಮಸ್ಕಾರ, ನಿನ್ನ ಹಲಗೆ ಕಾಯುತಿದೆ' ಎಂದು ಪ್ರೇಮಾವತಿ ಟೀಚರು ಹಾಡಿದರೆ ಲೀಲಾ ಎದ್ದು ಹೋಗಿ, ಗೋಡೆಗೆ ಒರಗಿಸಿಟ್ಟ ಹಲಗೆಗಳಲ್ಲಿ ತನ್ನ ಹೆಸರು ಬರೆದದ್ದನ್ನು ಎತ್ತಿಕೊಳ್ಳಬೇಕು. ಮಕ್ಕಳು ಹೆಸರು ಗುರುತಿಸಲು ಇದಕ್ಕಿಂತ ಒಳ್ಳೆಯ ಉಪಾಯ ಭೂಮಿಯ ಮೇಲಿಲ್ಲವೆಂದು ಮಂಗಳೂರಿನ ಆ ಟೀಚರು ತರಬೇತಿಯಲ್ಲಿ ಕಲಿತು ಬಂದಿದ್ದರು. ಮಕ್ಕಳೆಲ್ಲ ಗುರುತಿಸಿದವು. ಚನ್ನಬಸವ್ವನ ಮೊಮ್ಮಗ ಈರಣ್ಣ ಮಾತ್ರ, ಹಾಡು ಕೇಳಲು ಬಂದ ಊರಗೌಡರಂತೆ, ಕೂತಲ್ಲೇ ಕೂತಿದ್ದ.

ಶನಿವಾರ ಮೊಮ್ಮಗನನ್ನು ಕರೆದೊಯ್ಯಲು ಬಂದ ಚನ್ನಬಸವ್ವನನ್ನು ಟೀಚರು ನಿಲ್ಲಿಸಿಕೊಂಡರು. "ಹುಡುಗನಿಗೆ ಕಿವಿ ಕೇಳುವುದಿಲ್ಲ, ಇಲ್ಲವಾದರೆ ಬುದ್ಧಿ ಸಾಲದು. ಸೋಮವಾರವೂ ಹೀಗೇ ಆದರೆ ಕರೆದುಕೊಂಡು ಬರುವುದು ಬೇಡಮ್ಮ. ಮನೆಯಲ್ಲಿ ಹೆಸರು ಹಿಡಿದು ಕರೆಯುತ್ತೀರಲ್ಲ?"

"ಕರೀತೀವ್ರಿ ಅಕ್ಕೋರ" ಎಂದು ಚನ್ನಬಸವ್ವ ಹಸಿ ಸುಳ್ಳು ಹೇಳಿ ಬಂದಳು.

ಕರೆಯುವುದೆಲ್ಲಿಂದ ಬಂತು? ಈರಣ್ಣ ಎಂಬುದು ಅವಳ ಗಂಡನ ಹೆಸರು. ರವಿಕೆ ಖಣದ ಅಂಗಡಿ ಕಟ್ಟಿ, ಜೀವಮಾನವಿಡೀ ಮನೆಮಂದಿಯನ್ನು ಗದರಿಸಿ, ಮೀಸೆ ಮುಕ್ಕಾಗದಂತೆ ಕಣ್ಣುಮುಚ್ಚಿದ ಪುಣ್ಯಾತ್ಮ. ಆ ವರ್ಷವೇ ಹುಟ್ಟಿದ ಮೊಮ್ಮಗನಿಗೆ ಅದೇ ಹೆಸರಿಟ್ಟರು. ಇಟ್ಟದ್ದೇನೋ ಸರಿ, ಹೇಳುವವರು ಯಾರು? ಗಂಡನ ಹೆಸರು ಹೆಂಡತಿ ಹೇಳುವಂತಿಲ್ಲ, ಮಾವನ ಹೆಸರು ಸೊಸೆ ಎತ್ತುವಂತಿಲ್ಲ, ಅಪ್ಪನ ಹೆಸರನ್ನು ಮಗ ಕೂಗುವಂತಿಲ್ಲ. ತೊಟ್ಟಿಲಲ್ಲಿ ಸೋದರತ್ತೆ ಕಿವಿಯಲ್ಲಿ ಉಸುರಿದ್ದೇ ಮೊದಲು, ಅದೇ ಕಡೆ. ಆಮೇಲೆ ಆ ಪುಟ್ಟ ಮಹಾಶಯರನ್ನು ಎಲ್ಲರೂ, ಅಂಗಡಿಯ ಯಜಮಾನರನ್ನು ಕರೆಯುವಂತೆ, "ಮಾಲಕ್ರ, ಹಾಲು ಕುಡೀರಿ", "ಮಾಲಕ್ರ, ಮೂಗು ಒರಸ್ಕೊಳ್ರಿ" ಎಂದೇ ಮಾತಾಡಿಸುತ್ತಿದ್ದರು.

"ನೀನರೆ ಆ ಹಾಡು ಹಾಡ, ನಾಗವ್ವಾ" ಎಂದು ಚನ್ನಬಸವ್ವ ಸೊಸೆಗೆ ಹೇಳಿದಳು.

"ಮಾವನವರ ಹೆಸರು ನನ್ನ ಬಾಯಾಗ ಬರಂಗಿಲ್ರಿ ಅತ್ತಿ."

ಮಗ ಫಕೀರಪ್ಪ ಕರಿಟೊಪ್ಪಿಗೆ ಸರಿಮಾಡಿಕೊಂಡ. "ಅಪ್ಪಾರ ಹೆಸರಿಗೆ ಬಾ ಬಾ ಅಂತ ಹಾಡೂದ? ಮಂದಿ ಏನಂದಾರು? ಸಾಲಿ ಬ್ಯಾಡಂದ್ರ ಬಿಡ್ರಿ. ಹೆಂಗೂ ಅಂಗಡಿ ಅದ."

ಚನ್ನಬಸವ್ವ ಮೊಮ್ಮಗನ ಕಡೆ ನೋಡಿದಳು. ಸತ್ತವರ ಮರ್ಯಾದೆ ಉಳಿಸಲು ಬದುಕಿರುವ ಕೂಸು ದಡ್ಡನೆನಿಸಿಕೊಳ್ಳಬೇಕು, ಎಂಥ ಅಚ್ಚುಕಟ್ಟಾದ ಏರ್ಪಾಡು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಸತ್ತು ನಾಲ್ಕು ವರ್ಷವಾದವರಿಗೆ ಇನ್ನೆಷ್ಟು ಕಡಿಮೆಯಾದೀತು?

ಅಡಿಗೆಮನೆಯ ಬಾಗಿಲು ಹಾಕಿಕೊಂಡು ಹುಡುಗನನ್ನು ಎದುರಿಗೆ ಕೂಡಿಸಿಕೊಂಡಳು. ಮೊದಲ ಅಕ್ಷರಕ್ಕೇ ನಾಲಿಗೆ ತಡೆಯಿತು. ಕಣ್ಣು ಮುಚ್ಚಿ ಹಾಡಿದಳು. "ಬಾ ಬಾ ಈರಣ್ಣ, ನಮಸ್ಕಾರ." ಕಣ್ಣು ತೆರೆದು ಸೂರು ನೋಡಿದಳು. ಏನೂ ಬಿದ್ದಿರಲಿಲ್ಲ.

"ಈರಣ್ಣ ಅಂದ್ರ ಯಾರ, ಆಯಿ?" ಎಂದ ಹುಡುಗ.

"ನೀನ. ನೀನ ಈರಣ್ಣ."

ನಲವತ್ತು ವರ್ಷ ನುಂಗಿಕೊಂಡಿದ್ದ ಹೆಸರು ಒಮ್ಮೆ ಹೊರಬಿದ್ದದ್ದೇ ತಡ, ಮತ್ತೆ ನಿಲ್ಲಲಿಲ್ಲ. ಅವಳಿಗೆ ಅಳು ಬಂತು, ಸಂತೋಷವೂ ಆಯಿತು, ಸಂತೋಷವಾದದ್ದಕ್ಕೆ ಕೊಂಚ ನಾಚಿಕೆಯೂ ಆಯಿತು. ಭಾನುವಾರ ಹುಡುಗನನ್ನು ಅಂಗಡಿಯ ಮುಂದೆ ನಿಲ್ಲಿಸಿ, ಫಲಕದ ಮೇಲೆ ಗಂಡನ ಹೆಸರು ಬರೆದಿದ್ದ ದಪ್ಪ ಕನ್ನಡ ಅಕ್ಷರಗಳಿಗೆ ಬೆರಳು ಮಾಡಿ ಹಾಡಿದಳು. ಟಾಂಗಾದವನು ಕುದುರೆ ನಿಲ್ಲಿಸಿ ನೋಡಿದ. ಫಕೀರಪ್ಪ ಖಣಗಳ ರಾಶಿಯ ಹಿಂದೆ ಏನನ್ನೋ ಹುಡುಕುತ್ತ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.

ಸೋಮವಾರ ಹಾಡಿನಲ್ಲಿ ಹೆಸರು ಬಂದದ್ದೇ ಈರಣ್ಣ ಎದ್ದು ನೆಟ್ಟಗೆ ಹೋಗಿ ತನ್ನ ಹಲಗೆ ಎತ್ತಿಕೊಂಡ. ಬಾಗಿಲಲ್ಲಿ ನಿಂತಿದ್ದ ಚನ್ನಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡಿದಿರಾ ಅಮ್ಮ, ನಮ್ಮ ತರಬೇತಿ ಅಂದರೆ ಹೀಗೆ" ಎಂದರು ಟೀಚರು.

"ಹೌದ್ರಿ ಅಕ್ಕೋರ. ಭಾಳ ಛಲೋ ತರಬೇತಿ."

ಆ ಸಂಜೆ ಅಪ್ಪ ಮಗ ಒಟ್ಟಿಗೆ ಉಂಡರು. ಉಂಡಾದ ಮೇಲೆ ನಾಗವ್ವ ಎಂದಿನಂತೆ ಎಂಜಲು ತಾಟುಗಳಿಗೆ ಬಗ್ಗಿದಳು. ಚನ್ನಬಸವ್ವ ಅವಳ ಕೈ ಹಿಡಿದು ತಡೆದಳು.

"ಈರಣ್ಣ, ಉಂಡ ತಾಟು ಎತ್ತಿ ಬಚ್ಚಲದಾಗ ಇಡು."

ಫಕೀರಪ್ಪನಿಗೆ ನೀರು ನೆತ್ತಿಗೇರಿತು. ಈರಣ್ಣ ಮಾತ್ರ ಎದ್ದು, ಎರಡೂ ಕೈಯಲ್ಲಿ ತಾಟು ಹಿಡಿದು ಬಚ್ಚಲಿಗೆ ನಡೆದ. ಆ ಹೆಸರಿನವರು ಆ ಮನೆಯಲ್ಲಿ ಉಂಡ ತಾಟು ಎತ್ತಿದ್ದು ಅದೇ ಮೊದಲು.