ತಾನೇ ತೆರೆದುಕೊಳ್ಳುವ ಕಾರಿಗೆ ಕೆಲವು ರಿಪೇರಿಗಳು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಕೀ ತಿರುಗದೇ ಇದ್ದ ಬೆಳಿಗ್ಗೆಯಿಂದಲೋ, ಕೀ ಹೊರಗೆ ಬಾರದೇ ಇದ್ದ ಮಧ್ಯಾಹ್ನದಿಂದಲೋ? ಮೊದಲನೆಯದನ್ನು ಒಮ್ಮೆ ಬರೆದು ನೋಡಿದೆ. ಕೀ ತಿರುಗಲಿಲ್ಲ, ಕಾರು ಹೊರಡಲಿಲ್ಲ, ಕಥೆಯೂ ಹೊರಡಲಿಲ್ಲ. ನಾಯಕಿ ಡ್ರೈವರ್ ಸೀಟಿನಲ್ಲಿ ಬೆವರುತ್ತಾ ಕೂತಿದ್ದಳು, ನಾನು ಮೂರನೇ ಲೋಟ ಚಹಾ ಮುಗಿಸಿದ್ದೆ. ಆ ಡ್ರಾಫ್ಟ್ ಹಾಗೇ ಗೊಟಕ್ ಎಂದಿತು.

(ಹಳೇ ಕಾರು ಇಟ್ಟುಕೊಂಡವರು ಈಗ "ಸ್ಟೀರಿಂಗ್ ಸ್ವಲ್ಪ ಅಲ್ಲಾಡಿಸ್ತಾ ಕೀ ತಿರುಗಿಸ್ಬೇಕು ಕಣ್ರೀ" ಎಂದು ಗೊಣಗುತ್ತಿದ್ದೀರಿ. ಗೊತ್ತು. ಅವಳಿಗೂ ಗೊತ್ತು. ಬಾಯಿ ಮುಚ್ಚಿಕೊಂಡು ಓದಿ.)

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಕೂತಿದ್ದು ತಮಾಷೆಯ ಕಥೆ ಬರೆಯಲು. ಲಾಕ್ ಮಾಡಿದರೂ ತಾನೇ ತೆರೆದುಕೊಳ್ಳುವ ಸೆಕೆಂಡ್ ಹ್ಯಾಂಡ್ ಕಾರು, ತಲೆ ಕೆರೆದುಕೊಳ್ಳುವ ಮೆಕ್ಯಾನಿಕ್, ನಾಲ್ಕು ನಗು, ಮುಗೀತು. ಆಮೇಲೆ ಆದದ್ದು ತಮಾಷೆಯಲ್ಲ.

೨

ಕಥೆಯಲ್ಲಿ ಇರುವವರು: ಒಬ್ಬ ಮಗಳು. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆದು, ತಣ್ಣನೆಯ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಎಂಥಾ ಅಳುಬುರುಕರ ಕೈಯಲ್ಲೂ ಒಂದೇ ಸಲಕ್ಕೆ ನರ ಹುಡುಕುತ್ತಾಳೆ, ತನ್ನ ಸ್ವಂತ ಚಪ್ಪಲಿ ಮಾತ್ರ ದಿನಾ ಹುಡುಕುತ್ತಾಳೆ. ಎರಡನೆಯವರು ಅವಳ ಅಪ್ಪ. ಗೋಡೌನಿನಲ್ಲಿ ಕಾವಲು ಕಾದು ನಿವೃತ್ತರಾದವರು, ಎರಡೂ ಮೊಣಕಾಲು ಸವೆದಿವೆ, ಕಣ್ಣೂ ಅಷ್ಟಕ್ಕಷ್ಟೆ. ಮೂರನೆಯವಳು ಮಗಳ ಮಗಳು, ಮೂರು ವರ್ಷದವಳು. ಚೋಟುದ್ದ ಇದ್ದಾಳೆಂದು ಎಲ್ಲರೂ ಚೋಟು ಎನ್ನುತ್ತಾರೆ. (ಚೋಟುವಿನ ಅಪ್ಪ ಎಲ್ಲಿ ಎಂದು ಕೇಳಬೇಡಿ. ಈ ಕಾರಿನಲ್ಲಿ ಅವನಿಗೆ ಸೀಟಿಲ್ಲ.)

ಮೂವರೂ ಮೇಲಿನ ಮಹಡಿಯಲ್ಲಿದ್ದಾರೆ. ಹೊರಗೆ ಕಡಿದಾದ ಮೆಟ್ಟಿಲು, ಕೆಳಗೆ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಕಾರು. ಮಗಳು ಕೆಲಸಕ್ಕೆ ಹೋದಾಗ ಚೋಟುವನ್ನು ನೋಡಿಕೊಳ್ಳುವವರು ತಾತ. ತಾತ ನೋಡಿಕೊಂಡರೆ ಅವಳಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಮಗುವನ್ನು ಅಪ್ಪನ ಹತ್ತಿರ ಬಿಟ್ಟು ಹೋಗಬಹುದೇ? ಇಡೀ ಕಥೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಬರೆಯುವಾಗ ನನಗಿದು ಗೊತ್ತಿರಲಿಲ್ಲ, ನಿಮಗೆ ಈಗಲೇ ಗೊತ್ತಾಯಿತು. ಪುಣ್ಯವಂತರು.

೩

ಕಾರಿನ ಕಾಯಿಲೆಗಳು. ಕೀ ಹಾಕಿದರೆ ಒಮ್ಮೊಮ್ಮೆ ತಿರುಗುವುದಿಲ್ಲ. ತಿರುಗಿದರೆ ಒಮ್ಮೊಮ್ಮೆ ಹೊರಗೆ ಬರುವುದಿಲ್ಲ. ಇದು ಸವೆದ ಲಾಕಿನ ತೊಂದರೆ, ಎಲ್ಲರಿಗೂ ಅರ್ಥವಾಗುತ್ತದೆ. ಅರ್ಥವಾಗದ್ದು ಇನ್ನೊಂದು. ಮಾರಿದವನು ಕೊಟ್ಟದ್ದು ಒಂದೇ ಕೀ, ಅದರ ತಲೆಯ ಮೇಲೆ ಒಂದೇ ಒಂದು ಬಟನ್ ಇದೆ. ಒಮ್ಮೆ ಒತ್ತಿದರೆ ಬಾಗಿಲುಗಳೆಲ್ಲ ಲಾಕ್, ಮತ್ತೆ ಒತ್ತಿದರೆ ಓಪನ್. ಮಗಳು ಒತ್ತುತ್ತಾಳೆ, ಟಕ್ ಎನ್ನುತ್ತದೆ, ಬಾಗಿಲು ಎಳೆದು ನೋಡಿಯೇ ಮೇಲೆ ಹೋಗುತ್ತಾಳೆ. ಬೆಳಿಗ್ಗೆ ಬಂದು ನೋಡಿದರೆ ನಾಲ್ಕೂ ಬಾಗಿಲು ಓಪನ್.

"ಅಕ್ಕಾ, ನೀವು ಲಾಕ್ ಮಾಡೋದು ಮರ್ತಿರ್ತೀರ," ಎಂದ ಮೆಕ್ಯಾನಿಕ್.

"ನಾನೇನು ತಲೆ ಕೆಟ್ಟೋಳಾ?"

ಅವನು ಬಾಗಿಲಿನ ಮೋಟಾರು ಬದಲಿಸಿದ. ಓಪನ್. ಬಾಗಿಲ ಸಂದಿನ ವೈರು ಕತ್ತರಿಸಿ ಹೊಸದು ಜೋಡಿಸಿದ. ಎರಡು ದಿನ ಸರಿಯಿತ್ತು, ಅವನು ಮೀಸೆ ತಿರುವಿದ, ಮೂರನೇ ದಿನ ಮತ್ತೆ ಓಪನ್. "ಈ ಗಾಡಿಗೆ ಯಾರದ್ದೋ ಕಣ್ಣು ಬಿದ್ದಿದೆ ಅಕ್ಕಾ," ಎಂದು ಕೈ ಚೆಲ್ಲಿದ.

೪

ಈ ಭಾಗ ಹರಿದು ಹಾಕಿದೆ. ಇದರಲ್ಲಿ ಕಾರಿನ ಹಳೇ ಓನರ್ ದೆವ್ವವಾಗಿ ಬಂದು ಬಾಗಿಲು ತೆಗೆಯುತ್ತಿದ್ದ. ಓದಿ ನನಗೇ ನಾಚಿಕೆಯಾಯಿತು.

೫

ಪುಟ ತುಂಬಲಿ ಎಂದು ತಾತನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಳಿಸಬೇಕೆಂದಿದ್ದೆ, ಮರೆತೆ.

ತಾತ ಕೆಲಸ ಮಾಡಿದ ಗೋಡೌನಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಬೀಗ ಹಾಕಬೇಕು, ಇನ್ನೊಬ್ಬ ಬಂದು ಅದನ್ನು ಜಗ್ಗಿ ನೋಡಬೇಕು. ಹಾಕಿದವನೇ ಜಗ್ಗಿದರೆ ಲೆಕ್ಕಕ್ಕಿಲ್ಲ. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಅವರ ಕೈ ಅದನ್ನು ಬಿಟ್ಟಿಲ್ಲ. ಮಗಳು ಗ್ಯಾಸ್ ಆಫ್ ಮಾಡಿದರೆ ಹಿಂದೆಯೇ ಹೋಗಿ ಮುಟ್ಟುತ್ತಾರೆ, ಅವಳು ನಲ್ಲಿ ನಿಲ್ಲಿಸಿದರೆ ಇನ್ನೊಂದು ಸುತ್ತು ಬಿಗಿಯುತ್ತಾರೆ. "ಅಪ್ಪಾ, ನಿನ್ ಕೈಗೆ ಸಿಕ್ಕಿದ ನಲ್ಲಿ ತಿರುಗಿಸೋಕೆ ಪೈಲ್ವಾನ್ ಬರ್ಬೇಕು," ಎಂದು ಅವಳು ರೇಗುತ್ತಾಳೆ. ಅವರು ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ ಕೂರುತ್ತಾರೆ.

೬

ಈಗ ಆ ಮಧ್ಯಾಹ್ನ.

ಓದುಗರೇ, ಚೋಟುವನ್ನು ಕಾರಿನೊಳಗೆ ಕೂರಿಸಿದ್ದು ನಾನಲ್ಲ. ನಾನು ಬರೆದದ್ದು ಇಷ್ಟು: 'ಮಗಳು ಡ್ಯೂಟಿ ಮುಗಿಸಿ ಬಂದು ಕಾರು ನಿಲ್ಲಿಸಿದಳು. ಕೀ ಹೊರಗೆ ಬರಲಿಲ್ಲ. ಹಾಳಾಗಿ ಹೋಗಲಿ ಎಂದು ಅದನ್ನು ಅಲ್ಲೇ ಬಿಟ್ಟು, ಬಾಗಿಲು ತಳ್ಳಿ, ಮೆಕ್ಯಾನಿಕ್‌ಗೆ ಫೋನ್ ಮಾಡಲು ಗೇಟಿನ ನೆರಳಿಗೆ ಹೋದಳು.' ಪೂರ್ಣವಿರಾಮ. ಮುಂದಿನ ವಾಕ್ಯ ಯೋಚಿಸಲು ನಾನು ಒಂದು ಗಳಿಗೆ ಕಿಟಕಿಯಾಚೆ ನೋಡಿದೆ. ತಿರುಗಿ ನೋಡುವಷ್ಟರಲ್ಲಿ ಮಗು ಮೆಟ್ಟಿಲಿಳಿದು, ಗೋಡೆಯ ಕಡೆಯ ಬಾಗಿಲು ತೆಗೆದು, ಹಿಂದಿನ ಸೀಟಿಗೆ ಹತ್ತಿ, ಅಮ್ಮನ ಹಾಗೆಯೇ ಬಾಗಿಲು ಧಡ್ ಎಂದು ಹಾಕಿಕೊಂಡಿತ್ತು.

ಟಕ್.

ನಾಲ್ಕೂ ಬಾಗಿಲು ಲಾಕ್ ಆದವು.

ನೆತ್ತಿಯ ಮೇಲೆ ಸುಡು ಬಿಸಿಲು, ಗಾಜುಗಳೆಲ್ಲ ಮೇಲಕ್ಕೆ. ಹಿಂದಿನ ಬಾಗಿಲು ಮಕ್ಕಳು ತೆಗೆಯದಂತೆ ಮಾಡಿದ್ದು, ಒಳಗಿನಿಂದ ತೆಗೆಯಲು ಬರುವುದಿಲ್ಲ. ಮುಂದಿನ ಬಾಗಿಲಿನ ಲಾಕ್ ಎತ್ತುವ ಗುಬುಟು ದೊಡ್ಡವರ ಬೆರಳಿಗೇ ಜಗ್ಗದು. ಕೀ ಒಳಗೆ, ಲಾಕಿನಲ್ಲಿ ಕಚ್ಚಿಕೊಂಡಿದೆ. ಮಾರಿದವನು ಕೊಟ್ಟದ್ದು ಒಂದೇ ಕೀ ಎಂದು ನಾನೇ ಬರೆದಿದ್ದೆ.

ಇಷ್ಟು ದಿನ ತಾನಾಗಿ ತೆರೆದುಕೊಳ್ಳುತ್ತಿದ್ದ ಕಾರು ಇವತ್ತು ತಾನಾಗಿ ಮುಚ್ಚಿಕೊಂಡಿತಲ್ಲ! ನನಗೆ ದಿಗಿಲು ಹತ್ತಿತು. ಅಳಿಸಲು ನೋಡಿದೆ. ಅಳಿಸಿದರೆ ವಾಕ್ಯ ಹೋಗುತ್ತಿತ್ತು, ಮಗು ಹೋಗುತ್ತಿರಲಿಲ್ಲ.

೭

(ಮಗುವಿಗೆ ಏನೂ ಆಗುವುದಿಲ್ಲ. ಅತ್ತು ಅತ್ತು, ಬೆವರಿನಲ್ಲಿ ತೊಯ್ದು, ಹೊರಗೆ ಬರುತ್ತದೆ. ಬೇರೆ ಎಲ್ಲದರ ಜೊತೆ ಆಟವಾಡುತ್ತೇನೆ, ಇದರ ಜೊತೆ ಇಲ್ಲ. ನೀರು ಕುಡಿದು ಮುಂದೆ ಓದಿ.)

೮

ಮಗಳು ಓಡಿ ಬಂದಳು. ಗಾಜಿಗೆ ಅಂಗೈ ಬಡಿದಳು. ಒಳಗೆ ಚೋಟು ಮೊದಲು ನಕ್ಕಿತು, ಆಟ ಎಂದುಕೊಂಡಿತು. ಆಮೇಲೆ ಅಮ್ಮನ ಮುಖ ನೋಡಿ ಬಾಯಿ ತೆರೆಯಿತು. ದನಿ ಕೇಳಿಸುತ್ತಿರಲಿಲ್ಲ.

ಫೋನಿನಲ್ಲಿ ಮೆಕ್ಯಾನಿಕ್ ಇನ್ನೂ ಮಾತಾಡುತ್ತಿದ್ದ: "ಅಕ್ಕಾ, ಗ್ಲಾಸ್ ಮಾತ್ರ ಒಡೀಬೇಡಿ, ಹತ್ತೇ ನಿಮಿಷ, ನಾನು ಬಂದ್ಬಿಡ್ತೀನಿ."

"ನಿನ್ ಗ್ಲಾಸಿಗಿಷ್ಟು ಬೆಂಕಿ ಹಾಕ!" ಅವಳು ಫೋನ್ ಎಸೆದು ಹೂಕುಂಡ ಎತ್ತಿ ಅಪ್ಪಳಿಸಿದಳು. ಕುಂಡ ಚೂರಾಯಿತು. ಗಾಜಿಗೆ ಗೀರು ಬಿತ್ತು, ಅಷ್ಟೆ.

ಅವಳು ಇನ್ನೊಂದು ಕುಂಡ ಎತ್ತಲು ತಿರುಗಿದಾಗ ಅಪ್ಪ ಬಾನೆಟ್ಟಿನ ಪಕ್ಕ ನಿಂತಿದ್ದರು. ಬಲಗೈ ಜೇಬಿನಲ್ಲಿತ್ತು.

ಆ ಕೈ ಹೊರಗೆ ಬಂತು. ಬೆರಳುಗಳಲ್ಲಿ ಕೀ. ಅದೇ ಕಾರಿನ, ಅದೇ ಒಂದು ಬಟನ್ನಿನ, ಇನ್ನೊಂದು ಕೀ.

ಅವಳು ದಂಗಾದಳು. ನಾನೂ ದಂಗಾದೆ. ಆದರೆ ನಮ್ಮಿಬ್ಬರಿಗಿಂತ ಹೆಚ್ಚು ದಂಗಾದವರು ತಾತ. ಕೀಯನ್ನು ಬಾಗಿಲಿಗೆ ಹಾಕಿ ತಿರುಗಿಸಬೇಕೆಂದು ಬಂದವರ ಹೆಬ್ಬೆರಳು ಬಟನ್ನಿಗೆ ತಾಗಿತು. ಟಕ್. ನಾಲ್ಕೂ ಬಾಗಿಲು ತೆರೆದುಕೊಂಡವು.

ಮಗಳು ಮಗುವನ್ನು ಎಳೆದು ಎದೆಗೊತ್ತಿಕೊಂಡಳು. ತಾತ ಬಟನ್ನನ್ನೇ ನೋಡುತ್ತಿದ್ದರು.

"ಇದು ಲಾಕ್ ಮಾಡೋದಲ್ವಾ?" ಎಂದರು. ಆಮೇಲೆ ತುಂಬ ಸಣ್ಣ ದನಿಯಲ್ಲಿ, "ಹಾಗಾದ್ರೆ ದಿನಾ ನಾನೇ ತೆಗೀತಿದ್ನಾ?"

೯

ಕಾರು ಕೊಂಡ ದಿನ ಮಗಳು ಟೈರು ಒದ್ದು ನೋಡುತ್ತಿದ್ದಾಗ, ಮಾರಿದವನು ಎರಡನೇ ಕೀಯನ್ನು ಹಿರಿಯರೆಂದು ತಾತನ ಕೈಗೆ ಕೊಟ್ಟಿದ್ದ. ಇದು ನನಗೆ ಗೊತ್ತಿರಲಿಲ್ಲ. ನನ್ನ ಕಥೆಯಲ್ಲಿ ನನಗೇ ಗೊತ್ತಿಲ್ಲದ ಕೀ! ಎಂಥ ಲೇಖಕ ನಾನು, ನನ್ನ ಮುಖಕ್ಕಿಷ್ಟು.

"ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಏನಂತ ಹೇಳ್ಲಿ ಬರೆಯೋರೇ? ಹೇಳಿದ್ರೆ, ನನ್ ಮೇಲೆ ನಂಬಿಕೆ ಇಲ್ವಾ ಅಂತಾಳೆ. ನಂಬಿಕೆ ಮಾತಲ್ಲ ಇದು. ಒಬ್ರು ಹಾಕಿದ್ದನ್ನ ಇನ್ನೊಬ್ರು ನೋಡ್ಬೇಕು. ನನಗೆ ಇಳಿದು ಬಂದು ಜಗ್ಗೋಕೆ ಆಗಲ್ಲ, ಕಿಟಕಿಯಿಂದ ಒತ್ತುತಿದ್ದೆ. ಲೈಟ್ ಮಿಣಕ್ ಅಂತಿತ್ತು. ಆಯ್ತು, ಲಾಕ್ ಆಯ್ತು ಅಂತ ನೆಮ್ಮದಿಯಾಗಿ ಮಲಗ್ತಿದ್ದೆ."

"ಕಾರು ತಾನಾಗೇ ಓಪನ್ ಆಗ್ತಿದೆ ಅಂತ ಅವಳು ಒದ್ದಾಡ್ತಿದ್ದಳಲ್ಲ?"

"ಅದಕ್ಕೇ ಇನ್ನೂ ಜಾಸ್ತಿ ಒತ್ತುತಿದ್ದೆ. ಎರಡು ರಾತ್ರಿ ಎರಡೆರಡು ಸಲ ಒತ್ತಿದೆ."

ನಗು ಬಂತೇ? ನನಗೂ ಬಂತು, ಬರಬಾರದಿತ್ತು. ಏಕೆಂದರೆ ಆ ಮಧ್ಯಾಹ್ನ ಅವರು ನೋಡಿಕೊಳ್ಳಬೇಕಾಗಿದ್ದದ್ದು ಮಗುವನ್ನು. ಅವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದದ್ದು ಕಾರನ್ನು. ಮಗಳು ಲಾಕ್ ಮಾಡದೆ ನಡೆದುಹೋದದ್ದು ಕಂಡಿತು, ಒತ್ತಿದರು. ಗೋಡೆಯ ಕಡೆಯ ಬಾಗಿಲು ಅವರ ಕಣ್ಣಿಗೆ ಕಾಣಲಿಲ್ಲ.

೧೦

ಇಷ್ಟಾದರೆ ಕ್ಷಮಿಸಬಹುದಿತ್ತು. ನಾನು ಒಂದು ವಾಕ್ಯ ಬರೆದು ಕೆಡಿಸಿದೆ: 'ಕೀ ಹೊರಗೆ ತೆಗೆದರೆ ಗುಟ್ಟು ಬಯಲಾಗುತ್ತದೆಂದು ತಾತ ಬಾನೆಟ್ಟಿನ ಪಕ್ಕ ಒಂದು ಕ್ಷಣ ಹಿಂಜರಿದರು.'

ತಾತ ನನ್ನ ಮೇಜಿನ ಎದುರು ಬಂದು ನಿಂತರು. ನಾನವರನ್ನು ಇಷ್ಟು ಸಿಟ್ಟಿನಲ್ಲಿ ಬರೆದಿರಲಿಲ್ಲ.

"ಹೊಡೆದು ಹಾಕ್ರೀ ಅದನ್ನ. ನನ್ ಮೊಮ್ಮಗು ಒಳಗೆ ಬಾಯ್ ಬಾಯ್ ಬಿಡ್ತಿದ್ರೆ ನಾನು ಮಾನ ನೋಡ್ಕೊಂಡು ನಿಂತಿದ್ನಾ? ಮೆಟ್ಟಿಲಿಳಿದ ಮೇಲೆ ನನ್ ಮೊಣಕಾಲು ಹಿಡ್ಕೊಳುತ್ತೆ. ಹೆಜ್ಜೆ ಬರಲ್ಲ. ಜೇಬಲ್ಲಿ ಕೈ ಹಾಕಿ ತೊಡೆ ಒತ್ತಿ ನಿಂತ್ಕೊಂಡ್ರೆ ಬಿಡುತ್ತೆ. ನನ್ ಕಾಲು ತಡ ಮಾಡ್ತು, ನಾನಲ್ಲ."

ಹೊಡೆದು ಹಾಕಲು ಪೆನ್ನೆತ್ತಿದೆ. ಆಗ ಮಗಳು ಬಂದಳು.

"ಇರ್ಲಿ ಬಿಡಿ ಆ ವಾಕ್ಯ. ನಾನು ನೋಡಿದೀನಿ. ಅಪ್ಪ ಮಗುನ ನೋಡ್ತಿರಲಿಲ್ಲ. ನನ್ನ ನೋಡ್ತಿದ್ದ."

"ಭಯ ಆಗಿತ್ತು ಕಣೇ, ನಿನ್ ಕೈಲಿ ಕುಂಡ ಇತ್ತು!"

"ಮೊಣಕಾಲ್ ನೋವಿನ ಮುಖ ನಂಗೊತ್ತು, ಅಪ್ಪ. ದಿನಾ ರೋಗಿಗಳ ಮುಖ ನೋಡೋದೇ ನನ್ ಕೆಲಸ. ಅದು ಬೇರೆ ಮುಖ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಆ ಹೊತ್ತು ಗಾಜಿನ ಮೇಲಿನ ಗೀರನ್ನು ವರ್ಣಿಸುವುದರಲ್ಲಿ ಮುಳುಗಿದ್ದೆ, ತಾತನ ಮುಖ ನೋಡಿರಲಿಲ್ಲ. ಆಣೆಗೂ ನೋಡಿರಲಿಲ್ಲ.

೧೧

ಮುಕ್ತಾಯ ಒಂದು: ಮಗಳು ಅಪ್ಪನನ್ನು ತಬ್ಬಿಕೊಂಡು ಅಳುತ್ತಾಳೆ. ("ತಬ್ಕೊಳಲ್ಲ," ಎಂದಳು. ಕೈಬಿಟ್ಟೆ.)

ಮುಕ್ತಾಯ ಎರಡು: ತಾತ ಕೀಯನ್ನು ಬಾವಿಗೆ ಎಸೆಯುತ್ತಾರೆ. ("ಯಾವ ಬಾವಿ? ಇಲ್ಲೆಲ್ಲಿದೆ ಬಾವಿ?" ಎಂದರು. ಸರಿ, ತಪ್ಪಾಯ್ತು.)

ಮುಕ್ತಾಯ ಮೂರು: ಮೆಕ್ಯಾನಿಕ್ ಬಂದು, ಎರಡೂ ಕೀ ನೋಡಿ, "ನಾನು ಮೊದಲೇ ಹೇಳಿದ್ದೆ" ಎನ್ನುತ್ತಾನೆ. ಇದು ನಿಜವಾಗಿಯೂ ನಡೆಯಿತು. ಆದರೆ ಇದರಿಂದ ಏನೂ ಮುಗಿಯುವುದಿಲ್ಲ.

"ನಿಮ್ದೇನು, ಕಥೆ," ಎಂದಳು ಮಗಳು. "ಹೇಗೆ ಬೇಕಾದ್ರೂ ಮುಗಿಸ್ತೀರ, ಎದ್ದು ಊಟಕ್ಕೆ ಹೋಗ್ತೀರ. ನಾಳೆ ಬೆಳಿಗ್ಗೆ ನಂಗೆ ಡ್ಯೂಟಿ ಇದೆ. ಮಗುನ ಯಾರ ಹತ್ರ ಬಿಡ್ಲಿ? ಅದನ್ ಹೇಳಿ."

ನಾನು ಊಟಕ್ಕೆ ಏಳಲಿಲ್ಲ.

೧೨

ಬೆಳಿಗ್ಗೆ. ಇದನ್ನು ನಾನು ಬರೆಯುತ್ತಿಲ್ಲ, ನೋಡುತ್ತಿದ್ದೇನೆ.

ಮಗಳು ಕೆಳಗಿಳಿದಿದ್ದಾಳೆ. ಸ್ಯಾಂಪಲ್ ಡಬ್ಬಿ ಸೀಟಿನ ಮೇಲಿದೆ, ಚೋಟು ಅವಳ ಸೊಂಟದ ಮೇಲಿದೆ. ಬಾಗಿಲಲ್ಲಿ ನಿಂತೇ ಒಳಗೆ ಬಗ್ಗಿ, ಒಂದು ಕೈಯಲ್ಲೇ ಸ್ಟೀರಿಂಗ್ ಅಲ್ಲಾಡಿಸಿ ಕೀ ತಿರುಗಿಸಿದಳು, ಎಂಜಿನ್ ಶುರುವಾಯಿತು. ಕಿಟಕಿಯಲ್ಲಿ ತಾತ ಇಲ್ಲ. ಮೆಟ್ಟಿಲ ಮೇಲೆ ಇದ್ದಾರೆ. ಎರಡನೇ ಕೀಯನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾರೆ. ನಿನ್ನೆ ಅವರು ಇಳಿಯುವುದನ್ನು ಮಗಳು ನೋಡಿರಲಿಲ್ಲ. ಇವತ್ತು ಕಣ್ಣು ಕೀಳದೆ ನೋಡುತ್ತಿದ್ದಾಳೆ.

ಕೊನೆಯ ಮೆಟ್ಟಿಲು ಇಳಿದರು. ನಿಂತರು. ಬಲಗೈ ಖಾಲಿ ಜೇಬಿಗೆ ಹೋಯಿತು.

ಎಷ್ಟು ಹೊತ್ತು ನಿಂತರು ಎಂದು ಬರೆದರೆ ಅದು ತೀರ್ಪು ಬರೆದ ಹಾಗೆ, ಬರೆಯುವುದಿಲ್ಲ. ಮುಖ ಹೇಗಿತ್ತೆಂದೂ ಕೇಳಬೇಡಿ. ಈ ಸಲ ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಆದರೂ ಹೇಳಲಾರೆ.

"ತಾತಾ, ಬಾ," ಎಂದು ಚೋಟು ಎರಡೂ ಕೈ ಚಾಚಿತು. ಮಗಳು ಮಗುವನ್ನು ಕೆಳಗಿಳಿಸಲಿಲ್ಲ, ಕಾರಿಗೂ ಹತ್ತಿಸಲಿಲ್ಲ. ಎಂಜಿನ್ ಓಡುತ್ತಲೇ ಇದೆ.