ಹಗಲು ನೀವು, ರಾತ್ರಿ ನಾನು

ಗಾಜಿನ ಬಾಟಲಿ ಮಾಡುವ ಆ ಕಾರ್ಖಾನೆಯಲ್ಲಿ ಭಟ್ಟಿ ಆರುವಂತಿಲ್ಲ. ಆರಿದರೆ ಒಳಗಿನ ಗಾಜು ಹೆಪ್ಪುಗಟ್ಟಿ ಭಟ್ಟಿಯೇ ಹಾಳು. ಆದ್ದರಿಂದ ಬೆಂಕಿಗೆ ರಜೆಯಿಲ್ಲ. ಬೆಂಕಿಗೇ ಇಲ್ಲದ್ದು ಅದನ್ನು ಕಾಯುವ ಮನುಷ್ಯರಿಗೆ ಯಾಕೆ ಅನ್ನುವುದು ಆಡಳಿತದವರ ತರ್ಕ. ಗಂಡ ಹೆಂಡತಿ ಇಬ್ಬರೂ ಅಲ್ಲೇ ದುಡಿಯುವವರಾದರಂತೂ ಮುಗಿಯಿತು. ಒಬ್ಬರಿಗೆ ಹಗಲು ಪಾಳಿ, ಇನ್ನೊಬ್ಬರಿಗೆ ರಾತ್ರಿ ಪಾಳಿ. ವಾರದ ರಜೆಯೂ ಬೇರೆ ಬೇರೆ ದಿನ. ಮನೆಯಲ್ಲಿ ಮಗುವಿಗೆ ಜ್ವರ ಬಂತೆಂದು ಎರಡು ಆಳು ಒಟ್ಟಿಗೆ ತಪ್ಪಿಸಿಕೊಂಡರೆ ಲೋಕ ಮುಳುಗಿಹೋಗುವುದಿಲ್ಲವೇ! ಇಂಥವರಿಗೆ ಕಾರ್ಖಾನೆಯಲ್ಲಿ 'ಗೇಟು ದಂಪತಿ' ಎಂದು ಹೆಸರು. ಒಬ್ಬರು ಹೊರಗೆ ಬರುವಾಗ ಇನ್ನೊಬ್ಬರು ಒಳಗೆ ಹೋಗುತ್ತಾರೆ. ಪಾಳಿ ಬಿಡುವ ಸೈರನ್ನಿಗೂ ಪಾಳಿ ಹತ್ತುವ ಸೈರನ್ನಿಗೂ ನಡುವೆ, ಗೇಟಿನ ಬುಡದಲ್ಲಿ, ಅವರ ಸಂಸಾರ.

ಅವಳು ಬಾಟಲಿ ನೋಡುವವಳು. ದೀಪದ ಹಲಗೆಯ ಮುಂದೆ ಸಾಲುಗಟ್ಟಿ ಹಾಯುವ ಬಾಟಲಿಗಳಲ್ಲಿ ಬಿರುಕು ಬಿಟ್ಟದ್ದನ್ನು ಎತ್ತಿ ಪಕ್ಕಕ್ಕೆ ಹಾಕುವುದು ಅವಳ ಕೆಲಸ. ಗಂಡ ಭಟ್ಟಿಯವನು. ಇಂಥ ಪಾಳಿಯಲ್ಲಿ ಇವರಿಗೊಬ್ಬಳು ಮಗಳು ಹುಟ್ಟಿದ್ದಾದರೂ ಹೇಗೆ ಎಂದು ಜೊತೆಯವರು ನಗುವುದುಂಟು. ಆ ಮಗಳು ಬೆಳೆದು, ಓದಿ, ತನ್ನ ಕಾಲ ಮೇಲೆ ತಾನು ನಿಂತ ಮೇಲೆ ಗಂಡನಿಗೊಂದು ಹುಚ್ಚು ಹಿಡಿಯಿತು. ಅವನ ಚಿಕ್ಕಪ್ಪನ ಮಗ ಪರದೇಶದಲ್ಲಿ ಕಾರು ರಿಪೇರಿ ಮಾಡುವವನು. ಬನ್ನಿ, ನನ್ನ ಹಳೇ ಕಾರೊಂದು ಕೊಡ್ತೀನಿ, ಇಲ್ಲಿನ ಕಡಲತೀರದ ರಸ್ತೆಯಲ್ಲಿ ಸುತ್ತಾಡಿ ಎಂದಿದ್ದ.

"ಆತುರವೇ ಬೇಡ ಕಣೇ. ನಿಧಾನವಾಗಿ ಹೋಗೋಣ. ಹಿಡಿಸಿದ ಕಡೆ ನಿಲ್ಲಿಸೋಣ," ಎಂದ ಗಂಡ, ಗೇಟಿನ ಬುಡದಲ್ಲಿ, ಊಟದ ಡಬ್ಬಿ ಅವಳ ಕೈಗಿಡುತ್ತ.

"ಯಾರನ್ನೂ ಕೇಳೋದೇ ಬೇಡ್ವಾ?"

"ಕಾರು ಇಲ್ಲಪ್ಪನದಾ, ಅವನನ್ನ ಕೇಳೋಕೆ?"

ಇಲ್ಲಪ್ಪ ಎಂದರೆ ರಜೆ ಮಂಜೂರು ಮಾಡುವ ಅಧಿಕಾರಿ. ಅಪ್ಪ ಅಮ್ಮ ಇಟ್ಟ ಹೆಸರು ಏನೋ. ಏನು ಕೇಳಿದರೂ ಇಲ್ಲ ಎನ್ನುವವನಿಗೆ ಕೆಲಸಗಾರರು ಇಟ್ಟದ್ದು ಇದು.

ಹೀಗೆ ತುಣುಕು ತುಣುಕಾಗಿ ಪ್ರವಾಸದ ಯೋಜನೆ ಬೆಳೆಯಿತು. ಪಾಸ್‌ಪೋರ್ಟು ಬಂತು. ಡ್ರೈವಿಂಗ್ ಶಾಲೆಗೂ ಸೇರಿದರು, ಅವನು ಬೆಳಗಿನ ತಂಡ, ಅವಳು ಸಂಜೆಯ ತಂಡ. ಒಂದು ವರ್ಷ ಇದೇ ಮಾತು, ಇದೇ ಕನಸು. ಒಟ್ಟಿಗೆ ರಜೆ ಕೇಳುವುದನ್ನು ಮಾತ್ರ ಇಬ್ಬರೂ ಮುಂದೂಡುತ್ತಲೇ ಬಂದರು.

ಅವಳ ರಜೆಯ ದಿನ ತಂಗಿ ಬಂದಳು. ಮಾತಿನಲ್ಲಿ ಮೆಣಸಿನಕಾಯಿ ಅರೆಯುವವಳು. ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, "ಏನಕ್ಕಾ, ಪರದೇಶಿ ಆಗ್ತೀಯಂತೆ? ಹೇಳು, ಹೇಗೆ ಹೋಗ್ತೀರಿ?" ಎಂದಳು.

ಅಕ್ಕ ಹೆಮ್ಮೆಯಿಂದಲೇ ಶುರುಮಾಡಿದಳು. "ಒಬ್ಬರೇ ಓಡಿಸಿದ್ರೆ ಆಯಾಸ ನೋಡು. ಅದಕ್ಕೆ ಹಗಲು ನಿಮ್ಮ ಭಾವ ಓಡಿಸ್ತಾರೆ, ನಾನು ಹಿಂದಿನ ಸೀಟಲ್ಲಿ ಮಲಗ್ತೀನಿ. ಕತ್ತಲಾದ ಮೇಲೆ ನಾನು ಓಡಿಸ್ತೀನಿ, ಅವರು ಮಲಗ್ತಾರೆ. ಊಟ ಮೊದಲೇ ಡಬ್ಬಿಗೆ ಹಾಕಿಟ್ಟಿರ್ತೀವಿ. ಸೀಟು ಬದಲಾಯಿಸೋವಾಗ ಕೈಗೆ ಕೊಟ್ರೆ ಆಯ್ತು."

ತಂಗಿ ಈರುಳ್ಳಿ ಸುಲಿಯುವುದನ್ನು ನಿಲ್ಲಿಸಿದಳು.

"ಹಾಗಾದ್ರೆ ಇಬ್ಬರೂ ಎಚ್ಚರ ಇರೋದು ಯಾವಾಗ?"

"ಅಂದ್ರೆ?"

"ಅಂದ್ರೆ ಏನೇ ಅಂದ್ರೆ? ಸಮುದ್ರ ಭಾವ ನೋಡ್ತಾರೆ, ನಕ್ಷತ್ರ ನೀನು ನೋಡ್ತೀಯ. ಇದಕ್ಕೆ ವಿಮಾನ ಹತ್ತಿ ಹೋಗ್ಬೇಕಾ? ಕಾರ್ಖಾನೆ ಗೇಟಿಗೇ ನಾಲ್ಕು ಚಕ್ರ ಹಾಕಿಸ್ಕೊಂಡು ಹೊರಟಿದ್ದೀರಲ್ಲ!"

ತಂಗಿ ಹೊಟ್ಟೆ ಹಿಡಿದು ನಕ್ಕಳು. ಅಕ್ಕನೂ ನಗಲು ಬಾಯಿ ತೆರೆದಳು, ನಗು ಬರಲಿಲ್ಲ. ಒಂದು ವರ್ಷ ಇಬ್ಬರೂ ಸೇರಿ ಕಟ್ಟಿದ ಯೋಜನೆ. ಇಬ್ಬರಲ್ಲಿ ಒಬ್ಬರಿಗಾದರೂ ಇದು ಹೊಳೆಯಲಿಲ್ಲವಲ್ಲ! ಗಾಣ ಬಿಚ್ಚಿದರೂ ಎತ್ತು ಸುತ್ತುತ್ತಲೇ ಇರುತ್ತದೆಯಂತೆ. ಕಾರ್ಖಾನೆಯವರು ದುಡಿಮೆ ತೆಗೆದುಕೊಂಡರು, ಸರಿ, ಅದಕ್ಕೆ ಸಂಬಳ ಕೊಟ್ಟರು. ಕನಸು ಕಾಣುವ ರೀತಿಯನ್ನೂ ತೆಗೆದುಕೊಂಡರಲ್ಲ, ಅದನ್ನು ಯಾವಾಗ ಮಾರಿದ್ದೆವು?

ಮರುದಿನ ಸಂಜೆ ಪಾಳಿ ಬಿಟ್ಟು ಬಂದ ಗಂಡನಿಗೆ ಗೇಟಿನಲ್ಲೇ ಹೇಳಿದಳು. ಅವನು ಮೊದಲು ನಕ್ಕ. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡ. "ಥೂ," ಎಂದ, ಯಾರಿಗೆಂದು ತಿಳಿಯದೆ.

"ನಡೀರಿ. ಇಲ್ಲಪ್ಪನ ಹತ್ರ ಹೋಗೋಣ. ಒಟ್ಟಿಗೇ ರಜೆ ಬೇಕು ಅಂತ ಇವತ್ತೇ ಕೇಳಿಬಿಡೋಣ."

ಇಲ್ಲಪ್ಪ ಫ್ಯಾನಿನ ಕೆಳಗೆ ಕೂತಿದ್ದ. ಇವರಿಬ್ಬರನ್ನು ಒಟ್ಟಿಗೆ ಕಂಡು ಅವನಿಗೇ ವಿಚಿತ್ರವೆನಿಸಿರಬೇಕು. "ಏನಮ್ಮಾ, ಯಾರಾದ್ರೂ ತೀರಿಕೊಂಡ್ರಾ?" ಎಂದ.

ತಮಾಷೆಯಲ್ಲ, ಅದು ನಿಯಮ. ಗೇಟು ದಂಪತಿಗೆ ಒಟ್ಟಿಗೆ ರಜೆ ಸಿಗುವುದು ಸಾವಿಗೆ ಮಾತ್ರ.

"ಇಲ್ಲ ಸಾರ್, ಎಲ್ಲಾ ಬದುಕಿದ್ದಾರೆ. ನಾವಿಬ್ರೂ ಊರು ನೋಡೋಕೆ ಹೋಗ್ಬೇಕು. ಪರದೇಶಕ್ಕೆ."

"ಇಬ್ಬರೂ? ಇಲ್ಲಮ್ಮ. ನೀನು ಮೊದಲು ಹೋಗಿ ಬಾ. ಅವನು ಮುಂದಿನ ತಿಂಗಳು ಹೋಗ್ಲಿ. ಅದೇ ರಸ್ತೆ, ಅದೇ ಸಮುದ್ರ, ಎಲ್ಲಿಗೆ ಓಡಿಹೋಗುತ್ತೆ?"

ಇದೇ ಸಾಹೇಬ ತನ್ನ ಹೆಂಡತಿಯ ಜೊತೆ ಪ್ರತಿ ಬೇಸಿಗೆ ಬೆಟ್ಟ ಹತ್ತಿ ಬಂದು ಫೋಟೋ ತೋರಿಸುತ್ತಾನೆ. ಒಂದೂ ಫೋಟೋದಲ್ಲಿ ಅವನೊಬ್ಬನೇ ಇರುವುದಿಲ್ಲ.

ಹೊರಗೆ ಬಂದು ಗಂಡ ದನಿ ತಗ್ಗಿಸಿದ. "ಒಂದು ಕೆಲಸ ಮಾಡೋಣ. ಊರಲ್ಲಿರೋ ದೊಡ್ಡಪ್ಪನನ್ನ ಸಾಯಿಸಿಬಿಡೋಣ."

"ಯಾವ ದೊಡ್ಡಪ್ಪ?"

"ಇಲ್ದೇ ಇರೋ ದೊಡ್ಡಪ್ಪ. ಅವನಿಗೂ ನೋವಿಲ್ಲ, ನಮಗೂ ನೋವಿಲ್ಲ."

ಅವಳು ಗಂಡನ ಮುಖವನ್ನೇ ನೋಡಿದಳು. ಅತ್ತೆ ತೀರಿಕೊಂಡಾಗ ಇಬ್ಬರೂ ಬಸ್ಸಿನಲ್ಲಿ ಪಕ್ಕಪಕ್ಕ ಕೂತು ಹೋಗಿದ್ದರು. ದಾರಿಯುದ್ದಕ್ಕೂ ಅವನ ಭುಜ ಅವಳ ಭುಜಕ್ಕೆ ತಾಗುತ್ತಿತ್ತು. ಹೆತ್ತ ತಾಯಿಯ ಹೆಣ ನೋಡಲು ಹೊರಟಿದ್ದ ಮಗ ಕಿಟಕಿಯಾಚೆ ಕೈ ತೋರಿಸಿ, "ನೋಡೇ, ಎಷ್ಟು ಕೊಕ್ಕರೆ!" ಎಂದಿದ್ದ. ಅವಳಿಗೆ ಸಂತೋಷವಾಗಿತ್ತು. ಆ ಸಂತೋಷಕ್ಕೆ ಇಂದಿಗೂ ನಾಚಿಕೆ. ಯಾರು ನಾಚಿಕೆಪಡಬೇಕಾದದ್ದನ್ನು ಯಾರು ಹೊತ್ತು ತಿರುಗುತ್ತಿದ್ದಾರೆ!

"ಬೇಡ ರೀ. ಇನ್ನೊಂದು ಹೆಣದ ನೆರಳಲ್ಲಿ ನಿಮ್ಮ ಪಕ್ಕ ಕೂರೋಕೆ ನನಗಾಗಲ್ಲ. ಬದುಕಿದ್ದೀವಿ ಅಂತಲೇ ರಜೆ ಬೇಕು."

ಪಾಳಿ ಹತ್ತುವ ಸೈರನ್ ಕೂಗಿತು. ಅವಳು ಅಲ್ಲಾಡಲಿಲ್ಲ.

"ಹೋಗೇ, ಹೊತ್ತಾಯ್ತು."

"ಹೋಗಲ್ಲ. ನಮ್ಮ ಮಾತು ಮುಗಿದಿಲ್ಲ. ಮದುವೆ ಆದಾಗಿಂದ ಒಂದು ಮಾತೂ ಮುಗಿದಿಲ್ಲ."

ಪಕ್ಕದಲ್ಲಿ ಹೆಂಡತಿಗೆ ಬೀಗದ ಕೈ ಕೊಡುತ್ತಿದ್ದ ಪ್ಯಾಕಿಂಗಿನವನು ಇದನ್ನು ಕೇಳಿ ನಿಂತ. ಅವನ ಹೆಂಡತಿ ನಿಂತಳು. ಸೈಕಲ್ ಸ್ಟ್ಯಾಂಡಿನ ಬಳಿ ಇನ್ನೊಂದು ಜೋಡಿ, ಅದರಾಚೆ ಮತ್ತೊಂದು. ಭಟ್ಟಿಗೆ ಮದುವೆಯಾಗದ ಹುಡುಗರು ಆಗಲೇ ಇಳಿದಿದ್ದರು, ಬೆಂಕಿಗೇನೂ ತೊಂದರೆಯಿರಲಿಲ್ಲ. ಆದರೆ ದೀಪದ ಹಲಗೆಯ ಮುಂದೆ ಆಳಿಲ್ಲ. ನೋಡುವ ಕಣ್ಣಿಲ್ಲದೆ ಬಾಟಲಿ ಸಾಗಿಸುವ ಬೆಲ್ಟು ನಿಲ್ಲಿಸಬೇಕಾಯಿತು. ಆ ಸದ್ದು ನಿಂತದ್ದು ಹೊರಗೂ ಕೇಳಿತು.

ಇಲ್ಲಪ್ಪ ಓಡುತ್ತಲೇ ಬಂದ. ಮೊದಲು ಗದರಿಸಿದ. ಯಾರೂ ಕದಲದಿದ್ದಾಗ ಅವಳನ್ನು ಪಕ್ಕಕ್ಕೆ ಕರೆದು ಮೂಗಿಗೆ ತುಪ್ಪ ಸವರಿದ.

"ಆಯ್ತಮ್ಮ, ನಿಮ್ಮಿಬ್ಬರಿಗೂ ಒಟ್ಟಿಗೆ ಕೊಡ್ತೀನಿ. ಪರದೇಶಕ್ಕೆ ಹೋಗಿ ಬನ್ನಿ. ಇವರನ್ನೆಲ್ಲ ಒಳಗೆ ಕಳಿಸು."

ಅವಳು ಗಂಡನ ಕಡೆ ತಿರುಗಿದಳು. ಒಂದು ವರ್ಷದ ಕಡಲು ಆ ಮುಖದಲ್ಲಿತ್ತು. ಅವಳ ನಾಲಿಗೆಯ ತುದಿಗೂ 'ಹೂಂ' ಬಂದಿತ್ತು, ಸುಳ್ಳೇಕೆ? ಗಂಡ ಸುತ್ತ ನಿಂತವರನ್ನೊಮ್ಮೆ ನೋಡಿ, ಅವಳಿಗೆ ಮಾತ್ರ ಕಾಣುವಂತೆ ತಲೆಯಾಡಿಸಿದ, ಬೇಡ ಎಂದು.

"ನಮ್ಮಿಬ್ಬರಿಗೆ ಮಾತ್ರ ಕೊಟ್ರೆ ಅದು ರಜೆ ಅಲ್ಲ ಸಾರ್, ಲಂಚ," ಎಂದಳು, ಎಲ್ಲರಿಗೂ ಕೇಳುವಂತೆ. "ಆ ನಿಯಮಾನೇ ತೆಗೆದುಹಾಕಿ. ಅಲ್ಲೀವರೆಗೂ ನಾವು ಮಾತಾಡ್ತಾ ಇರ್ತೀವಿ."

"ಮೇಲಿನವರಿಗೆ ಫೋನ್ ಮಾಡ್ತೀನಿ!"

"ಮಾಡಿ. ನಮಗೂ ಅವಸರ ಇಲ್ಲ."

ಇಲ್ಲಪ್ಪ ಫೋನು ಕಿವಿಗಿಟ್ಟುಕೊಂಡು ಅತ್ತ ಹೋದ. ಅವಳು ರಸ್ತೆಯಂಚಿನ ಕಲ್ಲಿನ ಮೇಲೆ ಗಂಡನ ಪಕ್ಕ ಕೂತಳು. ಕೆಲಸ ಉಳಿಯುತ್ತದೋ ಇಲ್ಲವೋ, ವಿಮಾನ ಹತ್ತುತ್ತಾರೋ ಇಲ್ಲವೋ, ಇಬ್ಬರಿಗೂ ತಿಳಿಯದು.

"ರಾತ್ರಿ ಕಾರು ಓಡಿಸೋದೇ ಬೇಡ," ಎಂದಳು. "ಕತ್ತಲಾದ್ರೆ ಎಲ್ಲಾದ್ರೂ ಉಳಿಯೋಣ. ಹಗಲು ಇಬ್ಬರೂ ಮುಂದಿನ ಸೀಟು. ಕಿಟಕಿ ಪೂರ್ತಿ ತೆಗೆದಿಡೋಣ."

"ಕಿಟಕಿ ಬೇಡಪ್ಪ. ಗಾಳಿ ಬಡಿದ್ರೆ ನನಗೆ ಕಿವಿನೋವು."

"ಕಿವಿನೋವಾ? ಯಾವಾಗಿಂದ?"

"ಚಿಕ್ಕಂದಿನಿಂದ."

"ನನಗೆ ಯಾಕ್ರೀ ಹೇಳಲಿಲ್ಲ?"

"ಯಾವಾಗ ಹೇಳಲಿ?"

"ಅದೆಲ್ಲಾ ಗೊತ್ತಿಲ್ಲ. ಕಿಟಕಿ ತೆಗೀಲೇಬೇಕು. ಗಾಳಿ ಇಲ್ದೆ ಕಡಲು ನೋಡಿ ಏನು ಬಂತು? ಕಿವಿಗೆ ಹತ್ತಿ ಇಟ್ಕೊಳ್ಳಿ."

"ಹತ್ತಿ ಇಟ್ಕೊಂಡ್ರೆ ನೀನು ಮಾತಾಡೋದು ಹೇಗೆ ಕೇಳಿಸುತ್ತೆ?"

ಪ್ಯಾಕಿಂಗಿನವನು ನಡುವೆ ಬಾಯಿ ಹಾಕಿ ಅರ್ಧ ಕಿಟಕಿ ತೆಗೆಯಿರಿ ಎಂದ. ಇಬ್ಬರೂ ಒಟ್ಟಿಗೆ ಅವನ ಮೇಲೆ ಹರಿಹಾಯ್ದು, ಮತ್ತೆ ತಮ್ಮ ಜಗಳಕ್ಕೆ ತಿರುಗಿದರು.