ಐದನೆಯ ಬಾಗಿಲು

"ಶನಿವಾರದ ಸ್ಪರ್ಧೆಗೆ ಇನ್ನೊಂದು ಬಾಗಿಲು ಬೇಕಲ್ಲ ವೆಂಡೆಲ್," ಎಂದರು ಬ್ಯಾಂಡ್ ಕಲಿಸುವ ಪ್ರೂಯಿಟ್ ಮೇಡಂ.

ವೆಂಡೆಲ್ ಹ್ಯಾಸ್ಕೆಟ್ ಶಾಲೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಗಾಲಿಗೆ ಸ್ಕ್ರೂ ಬಿಗಿಯುತ್ತಿದ್ದ. ಮುಂಚೆ ಈ ಹೈಸ್ಕೂಲಿನ ಬ್ಯಾಂಡು ಬರೀ ವಾದ್ಯ ಹಿಡಿದು ಮೈದಾನದಲ್ಲಿ ಹೆಜ್ಜೆ ಹಾಕುತ್ತಿತ್ತು. ಈಗ ಮೈದಾನಕ್ಕೆ ಹಲಗೆಯ ಸೆಟ್ಟೂ ಬೇಕು, ಪಕ್ಕದೂರಿನವರು ಹಡಗು ಕಟ್ಟಿದರೆ ಇವರಿಗೆ ಮನೆ ಬೇಕು. ಮಕ್ಕಳು ಊದುವುದಕ್ಕಿಂತ ಅಪ್ಪಂದಿರು ತಳ್ಳುವುದೇ ಹೆಚ್ಚು. ಈ ವರ್ಷ ಗಾಲಿಯ ಮೇಲೆ ಎರಡಾಳೆತ್ತರದ ನಾಲ್ಕು ಬಾಗಿಲು. ಮಗ ಕೋಲ್ಬಿ ಟ್ರೋಂಬೋನ್ ಊದುವವರ ಸಾಲಿನಲ್ಲಿದ್ದಾನೆಂದೇ ವೆಂಡೆಲ್ ಬೇಸಿಗೆಯಲ್ಲಿ ಒಪ್ಪಿಕೊಂಡಿದ್ದು.

ಆಗಸ್ಟಿನಲ್ಲಿ ಹೆಂಡತಿ ಅವನನ್ನು ಬಿಟ್ಟು ಟಲ್ಸಾ ನಗರಕ್ಕೆ ಹೋದಳು, ಕೋಲ್ಬಿಯೂ ಜೊತೆಗೆ ಹೋದ. "ಸ್ಪರ್ಧೆ ಹೊತ್ತಿಗೆ ಬಂದ್ರೂ ಬಂದೆ ಅಪ್ಪ," ಎಂದಿದ್ದ. ಆ ಒಂದು ಮಾತಿಗೆ ಮೇಡಂ ಅವನ ಜಾಗ ಖಾಲಿ ಬಿಟ್ಟಿದ್ದರು. ಬ್ಯಾಂಡಿನವರು ಅದನ್ನು ತೂತು ಎನ್ನುತ್ತಾರೆ. ಎಲ್ಲರ ಮನೆ ದೋಸೆಯೂ ತೂತೇ ಎಂಬ ಸಮಾಧಾನ ತೀರ್ಪುಗಾರರ ಮುಂದೆ ನಡೆಯುವುದಿಲ್ಲ.

"ಎಲ್ಲಿ ನಿಲ್ಲಿಸ್ಬೇಕು?" ಎಂದ ವೆಂಡೆಲ್.

"ಟ್ರೋಂಬೋನ್ ಸಾಲಲ್ಲಿ. ಓಡಾಡುವಾಗ ತೂತು ಗೊತ್ತಾಗಲ್ಲ. ಕೊನೇಲಿ ಜನರ ಕಡೆ ತಿರುಗಿ ನಿಂತಾಗ ಕಣ್ಣಿಗೆ ಹೊಡೆಯುತ್ತೆ." ಮೇಡಂ ಕೆಳಗೆ ಬಿದ್ದಿದ್ದ ಸ್ಕ್ರೂ ಒಂದನ್ನು ಎತ್ತಿ ಕೊಟ್ಟರು. "ನಿಮ್ಮ ಜೊತೆ ಬಾಗಿಲು ತಳ್ಳೋ ಗ್ಯಾರೆಟ್‌ಗೆ ಹೇಳಬಹುದಿತ್ತು. ನಿಮಗೆ ಹೇಳದೆ ಮಾಡಿಸೋದು ಸರಿ ಅನ್ನಿಸ್ಲಿಲ್ಲ."

"ಕೋಲ್ಬಿ ಬಂದ್ರೆ?"

"ಬರ್ತಾನಾ?"

ವೆಂಡೆಲ್ ಸ್ಕ್ರೂ ಬಿಗಿದು ಮುಗಿಸಿದ. "ಯಾವ ಬಣ್ಣ?"

"ಕೆಂಪು."

ಸಂಜೆ ಮಗನಿಗೆ ಫೋನ್ ಮಾಡಿದ. "ಶನಿವಾರ ಬರ್ತೀಯೇನೋ?"

"ಶನಿವಾರ ಇಲ್ಲಿ ನಮ್ಮ ಬ್ಯಾಂಡಿಂದೂ ಇದೆ ಅಪ್ಪ."

'ನಮ್ಮ' ಎಂದದ್ದು ವೆಂಡೆಲ್‌ಗೆ ಕೇಳಿಸಿತು. ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಮಾತ್ರ ಗೊತ್ತಾಯಿತು.

"ಅಲ್ಲೂ ಸೆಟ್ ಕಟ್ತಾರಾ?"

"ದೊಡ್ಡ ಮೆಟ್ಟಿಲು. ನಾನು ತುದೀಲಿ ನಿಲ್ತೀನಿ."

"ಅಲುಗಾಡುತ್ತಾ?"

"ಇಲ್ಲಪ್ಪ. ಗಟ್ಟಿಯಾಗಿ ಕಟ್ಟಿದಾರೆ."

ಮರುದಿನ ಅವನು ಹಲಗೆ ಕೊಯ್ದ. ಕೆಂಪು ಬಳಿದ. ಒಣಗಿದ ಮೇಲೆ ಇನ್ನೊಂದು ಸಲ ಬಳಿದ.

ಶನಿವಾರ ಗಾಳಿ ಎದ್ದಿತ್ತು. ಇಂಥ ದಿನ ಅಷ್ಟೆತ್ತರದ ಬಾಗಿಲು ತನ್ನ ಪಾಡಿಗೆ ನಿಲ್ಲುವುದಿಲ್ಲ. ತಳ್ಳಿಕೊಂಡು ಹೋದವನೇ ಹಿಂದೆ ನಿಂತು ಹಿಡಿದುಕೊಳ್ಳಬೇಕು. "ಮಕ್ಕಳಿಗೆ ಪದಕ, ನಮಗೆ ಸೊಂಟನೋವು," ಎಂದು ಗ್ಯಾರೆಟ್ ತನ್ನ ಬಾಗಿಲಿಗೆ ಭುಜ ಕೊಟ್ಟ. ಅವನ ಮಗಳು ಬ್ರೆನ್ನಾ ಕೂಡ ಟ್ರೋಂಬೋನಿನವಳೇ, ಕೋಲ್ಬಿಯ ಪಕ್ಕ ನಿಲ್ಲುತ್ತಿದ್ದವಳು. ವೆಂಡೆಲ್ ನಕ್ಕ, ನಗಬೇಕಾದ ಜಾಗ ಅದು.

ಕೊನೆಯ ಭಾಗ ಶುರುವಾದಾಗ ಅವನು ಐದನೆಯ ಬಾಗಿಲನ್ನು ತಳ್ಳಿಕೊಂಡು ಹೋಗಿ ತೂತಿನಲ್ಲಿ ನಿಲ್ಲಿಸಿದ. ಹಿಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮುಂದೆ ಏನೂ ಕಾಣುತ್ತಿರಲಿಲ್ಲ, ಬಣ್ಣ ಹಚ್ಚದ ಹಲಗೆ, ತಾನೇ ಹೊಡೆದ ಮೊಳೆ. ಸಾಲು ಬಂದು ಅಕ್ಕಪಕ್ಕ ನಿಂತು ಕೊನೆಯ ಸ್ವರ ಎತ್ತಿತು. ಬಾಗಿಲು ಎದೆಗೆ ತಾಗಿ ಅದುರಿತು.

ಸ್ವರ ನಿಂತಿತು. ಪಕ್ಕದಲ್ಲಿದ್ದ ಬ್ರೆನ್ನಾ ಕತ್ತು ತಿರುಗಿಸದೆ, ಕೋಲ್ಬಿಗೆ ಹೇಳುತ್ತಿದ್ದ ಅಭ್ಯಾಸಬಲದಿಂದ, ಮೆಲ್ಲಗೆ ಅಂದಳು:

"ಅರ್ಧ ಹೆಜ್ಜೆ ಮುಂದೆ. ಸಾಲು ಸೊಟ್ಟ ಆಗ್ತಿದೆ."

ಆಮೇಲೆ ಯಾರಿಗೆ ಹೇಳಿದೆನೆಂದು ಹೊಳೆದು, "ಸಾರಿ ಸರ್," ಎಂದಳು.

ವೆಂಡೆಲ್ ಬಾಗಿಲನ್ನೂ ತಳ್ಳಿಕೊಂಡು ಅರ್ಧ ಹೆಜ್ಜೆ ಮುಂದೆ ಬಂದು ಅವಳ ಬೂಟಿನ ಸಮಕ್ಕೆ ತನ್ನ ಬೂಟು ಜೋಡಿಸಿದ. ಕೆಂಪು ಬಾಗಿಲಿನಾಚೆ ಜನ ಚಪ್ಪಾಳೆ ತಟ್ಟುತ್ತಿದ್ದರು.